ನೆರಳಿಗೆ ದುಡ್ಡು, ನೀರಿಗಿಲ್ಲ

ಸಮುದ್ರಕ್ಕೆ ಒಬ್ಬರೇ ಹೋದವರಿಗೆ ಒಂದು ಚಿಂತೆ ತಪ್ಪಿದ್ದಲ್ಲ. ನೀರಿಗಿಳಿದಾಗ ಚೀಲ ನೋಡಿಕೊಳ್ಳುವವರು ಯಾರು?

ನನ್ನ ಚೀಲದಲ್ಲಿ ಪಾಸ್‌ಪೋರ್ಟ್ ಇತ್ತು. ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಇತ್ತು. ಫೋನು, ಇದ್ದ ಒಂದೇ ಬ್ಯಾಂಕ್ ಕಾರ್ಡು, ವಾರದ ಖರ್ಚಿನ ನೋಟುಗಳು ಎಲ್ಲ ಅದರಲ್ಲೇ. ಟರ್ಕಿಯ ಕಡಲತೀರದ ಊರು ಫೆಥಿಯೆಯಲ್ಲಿ ಮೊದಲ ದಿನ ನಾನು ಎದೆಮಟ್ಟದ ನೀರಿಗಿಂತ ಮುಂದೆ ಹೋಗಲಿಲ್ಲ. ಎಲ್ಲರೂ ಕಡಲಿನ ಕಡೆ ಮುಖ ಮಾಡಿ ಈಜುತ್ತಿದ್ದರು. ನಾನು ದಡದ ಕಡೆ ಮುಖ ಮಾಡಿದ್ದೆ. ಬೆಣಚುಕಲ್ಲುಗಳ ಮೇಲಿಟ್ಟ ನೀಲಿ ಚೀಲ ಕಾಣುತ್ತಿದೆಯಾ ಅಂತ ಅಲೆ ಅಲೆಗೂ ನೋಡುತ್ತಿದ್ದೆ.

ದುಡ್ಡು ಕೊಟ್ಟು ಆರಾಮ ಕುರ್ಚಿ ಹಿಡಿದವರಿಗೆ ಈ ಚಿಂತೆ ಕಡಿಮೆ. ಅವರ ಸಾಲಿಗೆ ಒಬ್ಬ ಹುಡುಗ ಇರುತ್ತಾನೆ. ಅವನ ಕಣ್ಣು ಸಾಮಾನಿನ ಮೇಲಿರುತ್ತದೆ. ಕುರ್ಚಿ, ಛತ್ರಿ, ಆ ಹುಡುಗನ ಕಣ್ಣು, ಎಲ್ಲಕ್ಕೂ ಸೇರಿ ಒಂದು ದರ. ಆ ದರ ನನ್ನ ಒಂದು ದಿನದ ಊಟದ ಖರ್ಚಿಗಿಂತ ಜಾಸ್ತಿ ಇತ್ತು.

ಇದು 2023ರ ಅಕ್ಟೋಬರ್ ಕೊನೆಯ ವಾರದ ಮಾತು. ಸ್ಟುಟ್‌ಗಾರ್ಟ್‌ನಲ್ಲಿ ಮಾಸ್ಟರ್ಸ್ ಥೀಸಿಸ್ ಕೊಟ್ಟಾಗಿತ್ತು. ಕೆಲಸ ಇನ್ನೂ ಸಿಕ್ಕಿರಲಿಲ್ಲ. ಎರಡು ವರ್ಷ ಒಂದು ರಜೆಗೂ ಎಲ್ಲಿಗೂ ಹೋಗಿರಲಿಲ್ಲ. ಕಿಟಕಿಯ ಹೊರಗೆ ದಿನಗಟ್ಟಲೆ ಒಂದೇ ಬೂದು ಬಣ್ಣದ ಆಕಾಶ. ಒಂದು ವಾರ ಬಿಸಿಲು ಬೇಕು ಅನ್ನಿಸಿತು. ಬರೀ ಕೈಚೀಲ ತಗೊಂಡು ಹೋಗುವ, ಟರ್ಕಿಯ ಅಂತಾಲ್ಯ ಊರಿನ ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು. ಅದು ಬಿಟ್ಟು ಏಳು ರಾತ್ರಿಗೆ 250 ಯೂರೋ ಎತ್ತಿಟ್ಟೆ.

ವೀಸಾದ ಬಗ್ಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆಲ್ಲ ಟರ್ಕಿಯ ಇ-ವೀಸಾ ಸಿಗುವುದಿಲ್ಲ. ಅಮೆರಿಕ, ಬ್ರಿಟನ್, ಐರ್ಲೆಂಡ್ ಇಲ್ಲವೇ ಯುರೋಪಿನ ಶೆಂಗೆನ್ ದೇಶಗಳ ವೀಸಾ ಅಥವಾ ರೆಸಿಡೆನ್ಸ್ ಪರ್ಮಿಟ್ ಕೈಯಲ್ಲಿದ್ದರೆ ಮಾತ್ರ. ನನಗೆ ಜರ್ಮನಿಯ ಕಾರ್ಡ್ ಇದ್ದದ್ದರಿಂದ ಮನೆಯಲ್ಲೇ ಕೂತು ಕೆಲಸ ಮುಗಿಯಿತು.

ಅಂತಾಲ್ಯದಲ್ಲಿ ಇಳಿದಾಗ ಹೊರಗಡೆ ಹೋಟೆಲ್ ಹೆಸರಿನ ಬೋರ್ಡ್ ಹಿಡಿದು ಜನ ಸಾಲಾಗಿ ನಿಂತಿದ್ದರು. ನನ್ನ ಜೊತೆ ಬಂದ ಜರ್ಮನ್ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ಆ ಬೋರ್ಡುಗಳ ಹಿಂದೆ ಹೋದರು. ಅವರದ್ದೆಲ್ಲ 'ಹೆರ್ ಶೆಯ್ ದಾಹಿಲ್' ರಜೆ. ಊಟ, ಕುಡಿಯುವುದು, ಈಜುಕೊಳ, ಸಮುದ್ರ, ಎಲ್ಲ ಒಂದೇ ದುಡ್ಡಿನಲ್ಲಿ. 'ದಾಹಿಲ್' ಅನ್ನುವುದು ನಮ್ಮ 'ದಾಖಲು' ಶಬ್ದವೇ. ಎಲ್ಲವೂ ದಾಖಲು. ವಯಸ್ಸಾದವರಿಗೆ, ಸಣ್ಣ ಮಕ್ಕಳಿದ್ದವರಿಗೆ ಅದು ನಿಜಕ್ಕೂ ಅನುಕೂಲ. ಆದರೆ ಕೈಗೆ ಆ ಪಟ್ಟಿ ಕಟ್ಟಿಕೊಂಡರೆ ಹೋಟೆಲಿನ ಗೇಟು ದಾಟಿ ಹೊರಗೆ ಒಂದು ಚಹಾ ಕುಡಿಯಲೂ ಮನಸ್ಸು ಬರುವುದಿಲ್ಲ. ದುಡ್ಡು ಮೊದಲೇ ಕೊಟ್ಟಾಗಿದೆಯಲ್ಲ. ನಾನು ಬಸ್ ನಿಲ್ದಾಣದ ದಾರಿ ಹಿಡಿದೆ.

ಅಂತಾಲ್ಯದಿಂದ ಫೆಥಿಯೆಗೆ ಎರಡು ದಾರಿ. ಸಮುದ್ರದ ಅಂಚಿನಲ್ಲೇ ಸುತ್ತಿ ಹೋಗುವುದು ಚಂದ, ಆದರೆ ಬಹಳ ಹೊತ್ತು ಹಿಡಿಯುತ್ತದೆ. ಕೊರ್ಕುತೆಲಿಯ ಮೇಲೆ ಒಳನಾಡಿನಿಂದ ಹೋದರೆ ಸುಮಾರು ನಾಲ್ಕು ತಾಸು. ನಾನು ಎರಡನೆಯದನ್ನು ಆರಿಸಿಕೊಂಡೆ. ಟಾರಸ್ ಬೆಟ್ಟಗಳ ನಡುವೆ ಬಸ್ಸು ಏರುತ್ತಿತ್ತು. ಬಸ್ಸಿನ ಹುಡುಗ ಚಹಾ ಕೊಟ್ಟ, ಒಂದು ಪುಟ್ಟ ಕೇಕು ಕೊಟ್ಟ. ಆಗಲೇ ಫೋನಿಗೆ ಸಂದೇಶ ಬಂತು. ಒಂದು ತಿಂಗಳ ಹಿಂದೆ ಆ್ಯಪ್‌ನಲ್ಲಿ ಕಾದಿರಿಸಿದ್ದ ಕೋಣೆಯನ್ನು ಮನೆಯವರು ರದ್ದು ಮಾಡಿದ್ದರು. ಕಾರಣ ಹೇಳಿರಲಿಲ್ಲ. ದುಡ್ಡು ವಾಪಸ್ ಬರಲು ಹತ್ತು ದಿನ ಬೇಕು ಅಂತ ಬರೆದಿತ್ತು.

ಊರು ಮುಟ್ಟಿದಾಗ ಸಂಜೆಯಾಗಿತ್ತು. ಕೈಯಲ್ಲಿ ಕೋಣೆ ಇಲ್ಲ, ಗೊತ್ತಿಲ್ಲದ ಊರು. ನನಗೆ ಭಯವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬಂದರಿನ ಹತ್ತಿರ ಒಂದು ಚಹಾ ಅಂಗಡಿಗೆ ಹೋಗಿ ಕೂತೆ. ಅಂಗಡಿಯಾತನಿಗೆ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದೆ. ಆತ ಇಬ್ಬರು ಮೂವರಿಗೆ ಫೋನ್ ಮಾಡಿದ. ಆಮೇಲೆ ಬೆಟ್ಟದ ಕಡೆ ಕೈ ತೋರಿಸಿ "ಅಲ್ಮಾನ್ಯಾ, ಅಲ್ಮಾನ್ಯಾ" ಅಂದ. ಅಲ್ಮಾನ್ಯಾ ಅಂದರೆ ಜರ್ಮನಿ. ನಾನು ಜರ್ಮನಿಯಿಂದ ಬಂದೆ ಅಂತ ಹೇಳುತ್ತಿದ್ದಾನೆ ಅಂದುಕೊಂಡೆ. ಆತ ಹೇಳಿದ್ದು ಬೇರೆಯೇ ಇತ್ತು.

ಕಾರಾಗೋಜ್ಲೆರ್ ಅನ್ನುವ ಕೇರಿಯಲ್ಲಿ, ಬಂದರಿನ ಮೇಲಿನ ಏರಿನಲ್ಲಿ, ನಾಲ್ಕು ಕೋಣೆಗಳ ಒಂದು ಪೆನ್ಸಿಯೋನ್, ಅಂದರೆ ಮನೆಯವರೇ ನಡೆಸುವ ಸಣ್ಣ ವಸತಿಗೃಹ. ಬಾಗಿಲು ತೆಗೆದ ಎಪ್ಪತ್ತು ದಾಟಿದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ ಜರ್ಮನ್ ಭಾಷೆಯಲ್ಲಿ ಕೇಳಿದರು: "ಊಟ ಆಯ್ತಾ?"

ಧಾರವಾಡ ಬಿಟ್ಟ ಮೇಲೆ ಬಾಗಿಲಲ್ಲಿ ನಿಂತ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಟರ್ಕಿಯಲ್ಲಿ ದೊಡ್ಡ ಹೆಂಗಸರನ್ನು 'ತೇಜೆ' ಅನ್ನುತ್ತಾರೆ. ಚಿಕ್ಕಮ್ಮ ಅಂದ ಹಾಗೆ. ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು 'ಕಿಜಿಮ್' ಅಂದರು, ಮಗಳೇ ಅಂತ. ಸೀಸನ್ ಮುಗಿಯುತ್ತಾ ಬಂದಿತ್ತು. ಮೂರು ಕೋಣೆ ಖಾಲಿ. ತಿಂಡಿ ಇಲ್ಲದೆ ರಾತ್ರಿಗೆ 18 ಯೂರೋಗೆ ಒಪ್ಪಿದರು. ಕೋಣೆಯಲ್ಲಿ ಒಂದು ಮಂಚ, ಒಂದು ಕೆಟಲು, ಕಿಟಕಿಯಲ್ಲಿ ಇಡೀ ಬಂದರು.

ಆ ಮನೆಯ ಮೇಲಂತಸ್ತಿಗೆ ಒಂದು ಕತೆ ಇದೆ. ಪಶ್ಚಿಮ ಜರ್ಮನಿ ಮತ್ತು ಟರ್ಕಿ 1961ರ ಅಕ್ಟೋಬರ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಕಾರ್ಖಾನೆಗಳಿಗೆ ಆಳು ಬೇಕಿತ್ತು. ಲಕ್ಷಗಟ್ಟಲೆ ಜನ ಹೋದರು. ತೇಜೆಯ ಗಂಡ 1971ರಲ್ಲಿ ಹೋದರು. ನಾಲ್ಕು ವರ್ಷದ ಮೇಲೆ ಇವರೂ ಹೋದರು. ನಾನಿರುವ ಊರಿನಿಂದ ಲೋಕಲ್ ರೈಲಿನಲ್ಲಿ ಅರ್ಧ ತಾಸಿನ ದೂರದಲ್ಲಿ ಒಂಬತ್ತು ವರ್ಷ ಇದ್ದರಂತೆ. ಆ ಸ್ಟೇಷನ್ನಿನ ಹೆಸರು ಅವರ ಬಾಯಲ್ಲಿ ಕೇಳಿ ನನಗೆ ಮೈ ಜುಮ್ಮೆಂದಿತು. ಆಮೇಲೆ ಕಾರ್ಖಾನೆ ಮುಚ್ಚಿತು. ಕೆಲಸ ಹೋದ ಹೊರದೇಶದವರು ಊರಿಗೆ ವಾಪಸ್ ಹೋದರೆ 10,500 ಮಾರ್ಕ್ ಕೊಡುತ್ತೇವೆ ಅಂತ ಜರ್ಮನಿ 1983ರಲ್ಲಿ ಕಾನೂನು ಮಾಡಿತು. ಮಕ್ಕಳಿದ್ದರೆ ತಲೆಗೆ 1,500 ಜಾಸ್ತಿ. ಅದನ್ನು ತಗೊಂಡು ಬಂದು ಕಟ್ಟಿದ ಕೋಣೆಗಳಿವು.

"ಹೋಗು ಅಂತ ಕೊಟ್ಟ ದುಡ್ಡು" ಅಂದರು ತೇಜೆ. ಗೋಡೆಯನ್ನು ಒಮ್ಮೆ ಕೈಯಿಂದ ತಟ್ಟಿದರು.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಆಗ ಟರ್ಕಿಯ ಒಂದು ಲಿರಾ ಅಂದರೆ ನಮ್ಮ ಸುಮಾರು 3 ರೂಪಾಯಿ. ಟರ್ಕಿ ಅಗ್ಗದ ದೇಶ ಅಂತ ಎಲ್ಲೋ ಓದಿದ್ದೆ. ಈಗ ಹಾಗಿಲ್ಲ. ಆ ತಿಂಗಳು ಸರ್ಕಾರದ ಲೆಕ್ಕದಲ್ಲೇ ಹಣದುಬ್ಬರ ವರ್ಷಕ್ಕೆ ಶೇ. 61 ಇತ್ತು. ಹೋಟೆಲುಗಳ ಮೆನುವಿನಲ್ಲಿ ಬೆಲೆಯ ಮೇಲೆ ಚೀಟಿ, ಆ ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರು. ನಮಗೆ ದುಬಾರಿ ಅನ್ನಿಸುವುದು ಒಂದು ಕಡೆ ಇರಲಿ. ಲಿರಾದಲ್ಲೇ ಸಂಬಳ ತಗೊಂಡು ಲಿರಾದಲ್ಲೇ ಬದುಕುವವರ ಗತಿ ಏನು? ತೇಜೆ ಸಂತೆಗೆ ಹೋಗುವಾಗ ಚೀಟಿ ಬರೆಯುವುದನ್ನೇ ಬಿಟ್ಟಿದ್ದರು. ಅಲ್ಲಿ ಏನು ಕೈಗೆ ಎಟುಕುತ್ತದೋ ಅದನ್ನು ತರುವುದು.

ಎಟಿಎಂನಲ್ಲಿ ದುಡ್ಡು ತೆಗೆಯುವಾಗ "ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ, ಲಿರಾದಲ್ಲಿ ಹಾಕಲೇ" ಅಂತ ಯಂತ್ರ ಕೇಳುತ್ತದೆ. ಯಾವಾಗಲೂ ಲಿರಾ ಒತ್ತಿ. ನಮ್ಮ ದೇಶದ ಹಣ ಅಂತ ಒತ್ತಿದರೆ ಅವರು ಹೇಳಿದ್ದೇ ದರ, ಅದು ನಮಗೆ ನಷ್ಟ. ಮೊದಲ ಸಲ ನಾನು ತಪ್ಪು ಒತ್ತಿದೆ. ಒಂದು ಊಟದ ದುಡ್ಡು ಹೋಯಿತು.

ಊರೊಳಗೆ ಓಡಾಡಲು ದೋಲ್ಮುಶ್. ಬಿಳಿ ಬಣ್ಣದ ಸಣ್ಣ ವ್ಯಾನು. 'ದೋಲ್ಮುಶ್' ಅಂದರೆ ತುಂಬಿಹೋದದ್ದು. ಮೆಣಸಿನಕಾಯಿಯೊಳಗೆ ಅನ್ನ ತುಂಬುತ್ತಾರಲ್ಲ, ಆ 'ದೋಲ್ಮಾ' ಕೂಡ ಅದೇ ಬೇರಿನ ಶಬ್ದ. ಕೈ ಮಾಡಿದಲ್ಲಿ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಕೂತವರು ಮುಂದಿನವರ ಭುಜ ತಟ್ಟಿ ದುಡ್ಡು ಕೊಡುತ್ತಾರೆ. ಅವರು ತಮ್ಮ ಮುಂದಿನವರಿಗೆ. ಹೀಗೆ ನಾಲ್ಕೈದು ಕೈ ದಾಟಿ ಅದು ಡ್ರೈವರನನ್ನು ಮುಟ್ಟುತ್ತದೆ. ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಒಂದು ನಾಣ್ಯವೂ ಕಡಿಮೆಯಾಗುವುದಿಲ್ಲ. ಎರಡನೇ ದಿನಕ್ಕೇ ನಾನೂ ಆ ಸಾಲಿನ ಒಂದು ಕೈಯಾದೆ. ಯಾರದೋ ಇಪ್ಪತ್ತು ಲಿರಾ ನನ್ನ ಅಂಗೈ ಮೇಲಿಂದ ಮುಂದೆ ಹೋಗುತ್ತಿತ್ತು. ಆ ಊರು ನನ್ನನ್ನು ಒಳಗೆ ಬಿಟ್ಟುಕೊಂಡಿತು ಅನ್ನಿಸಿದ್ದು ಆಗ.

ನಾನು ಸಸ್ಯಾಹಾರಿ. ಹೋಗುವ ಮೊದಲು ಊಟದ್ದೇ ಚಿಂತೆಯಾಗಿತ್ತು. ಆಮೇಲೆ ನೋಡಿದರೆ ಟರ್ಕಿಯಲ್ಲಿ ಸೊಪ್ಪು ತರಕಾರಿ ತಿನ್ನುವವರಿಗೆ ಬೇಕಾದಷ್ಟಿದೆ. ಆದರೆ ಕೇಳುವ ರೀತಿ ಗೊತ್ತಿರಬೇಕು. 'ಎತ್' ಅಂದರೆ ಮಾಂಸ, 'ಯೋಕ್' ಅಂದರೆ ಇಲ್ಲ. "ಎತ್ ಯೋಕ್?" ಅಂತ ಕೇಳಿದರೆ ಇಲ್ಲ ಇಲ್ಲ ಅಂದು ಕೋಳಿ ಹಾಕಿದ ಅನ್ನ ಕೊಟ್ಟಾರು. ಅಲ್ಲಿನವರಿಗೆ ಎತ್ ಅಂದರೆ ಕುರಿ, ದನ. ಕೋಳಿ ಬೇರೆ ಲೆಕ್ಕ, ಅದಕ್ಕೆ 'ತಾವುಕ್'. ಬೇಳೆ ಸಾರಿನಂಥ ಮೆರ್ಜಿಮೆಕ್ ಚೋರ್ಬಾ ನಮ್ಮ ನಾಲಿಗೆಗೆ ಬಹಳ ಹತ್ತಿರ. ಆದರೆ ಕೆಲವು ಕಡೆ ಅದನ್ನು ಮಾಂಸದ ರಸದಲ್ಲಿ ಬೇಯಿಸುತ್ತಾರೆ. ಅದಕ್ಕೆ 'ಎತ್ ಸುಯು' ಇದೆಯಾ ಅಂತ ಮೂರನೇ ಪ್ರಶ್ನೆ. ಮೂರೂ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಬ್ಬ ಅಡುಗೆಯವನು ಒಳಗೆ ಕರೆದುಕೊಂಡು ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ತೋರಿಸಿದ.

ಬಂದರಿನ ಎದುರಿನ ಹೋಟೆಲುಗಳನ್ನು ಬಿಟ್ಟು ಎರಡು ಬೀದಿ ಹಿಂದೆ ಹೋಗಬೇಕು. ಅಲ್ಲಿ 'ಎಸ್ನಾಫ್ ಲೋಕಾಂತಾ' ಸಿಗುತ್ತವೆ. ಅಂಗಡಿಯವರು, ಕೆಲಸದವರು ಊಟ ಮಾಡುವ ಜಾಗ. ಗಾಜಿನ ಹಿಂದೆ ತಟ್ಟೆಗಳು. ಬೆರಳು ತೋರಿಸಿದರೆ ಬಡಿಸುತ್ತಾರೆ. ಬ್ರೆಡ್ಡು ಬೇಕಾದಷ್ಟು. ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿದ ಬೀನ್ಸ್ ಪಲ್ಯಕ್ಕೆ 'ತಾಜೆ ಫಸುಲ್ಯೆ' ಅನ್ನುತ್ತಾರೆ. ತಾಜೆ ಅಂದರೆ ತಾಜಾ! ಅಂಗಡಿಗೆ ದುಕ್ಕಾನ್, ಲೆಕ್ಕಕ್ಕೆ ಹೆಸಾಪ್, ಜೇಬಿಗೆ ಜೆಪ್, ಸಾಬೂನಿಗೆ ಸಬೂನ್. ಧಾರವಾಡದ ನಮ್ಮ ಅಜ್ಜ ದುಕಾನ, ಹಿಸಾಬ ಅನ್ನುತ್ತಿದ್ದರು. ಅರಬ್ಬಿ, ಪಾರಸಿ ಶಬ್ದಗಳು ಒಂದು ಕಡೆ ಅಲ್ಲಿಗೆ ಹೋದವು, ಇನ್ನೊಂದು ಕಡೆ ನಮ್ಮೂರಿಗೂ ಬಂದವು. ಊಟ ಮುಗಿಸಿ "ಹೆಸಾಪ್" ಅಂದಾಗಲೆಲ್ಲ ಅಜ್ಜನ ನೆನಪು.

ರಾತ್ರಿ ಊಟಕ್ಕೆ ಚೀ ಕೊಫ್ತೆ. ಹೆಸರಿನ ಅರ್ಥ ಹಸಿ ಮಾಂಸದ ಉಂಡೆ ಅಂತ. ಹೆದರಬೇಡಿ. ಅಂಗಡಿಗಳಲ್ಲಿ ಹಸಿ ಮಾಂಸ ಹಾಕಿ ಮಾರಲು ಅಲ್ಲಿ ಅನುಮತಿ ಇಲ್ಲ. ಗೋಧಿ ನುಚ್ಚು, ಮೆಣಸಿನ ಪೇಸ್ಟು, ಮಸಾಲೆ ಹಾಕಿ ಚೆನ್ನಾಗಿ ನಾದುತ್ತಾರೆ. ತೆಳ್ಳನೆಯ ರೊಟ್ಟಿಯಲ್ಲಿ ಸೊಪ್ಪಿನ ಜೊತೆ ಸುತ್ತಿ, ನಿಂಬೆರಸ, ದಾಳಿಂಬೆಯ ಹುಳಿ ಹಿಂಡಿ ಕೊಡುತ್ತಾರೆ. ಖಾರ ಜಾಸ್ತಿ ಬೇಕು ಅಂದರೆ ಜಾಸ್ತಿ. ಜೊತೆಗೆ ಆಯ್ರಾನ್, ಅಂದರೆ ಉಪ್ಪು ಹಾಕಿದ ಮಜ್ಜಿಗೆ. ಆ ವಾರ ಐದು ರಾತ್ರಿ ಅದನ್ನೇ ತಿಂದೆ. ಒಂದು ದಿನವೂ ಬೇಸರವಾಗಲಿಲ್ಲ.

ಫೆಥಿಯೆಯ ಸಂತೆ ಮಂಗಳವಾರ. ಆ ಮಂಗಳವಾರ ಅಕ್ಟೋಬರ್ 24. ನಮ್ಮಲ್ಲಿ ವಿಜಯದಶಮಿ. ಬೆಳಿಗ್ಗೆ ಅವ್ವ ಫೋನ್ ಮಾಡಿದಾಗ ನಾನು ಸಂತೆಯ ನಡುವೆ ಇದ್ದೆ. ಕಾಲುವೆಯ ಪಕ್ಕ ಉದ್ದಕ್ಕೂ ಟಾರ್ಪಾಲು ಕಟ್ಟಿದ್ದರು. ದಾಳಿಂಬೆ, ಅಂಜೂರ, ಕುಂಬಳಕಾಯಿ, ಬದನೆಕಾಯಿಯ ರಾಶಿಗಳು. ಹಳ್ಳಿಯ ಹೆಂಗಸರು ನೆಲಕ್ಕೆ ಬಟ್ಟೆ ಹಾಸಿ ಆಲಿವ್ ಕಾಯಿ, ಚೀಸ್, ಒಣಗಿಸಿದ ಸೊಪ್ಪು ಮಾರುತ್ತಿದ್ದರು. ತಲೆಗೆ ಹೂವಿನ ಚಿತ್ರದ ವಸ್ತ್ರ.

"ಬನ್ನಿ ಕೊಟ್ಟಿಯೇನ ಯಾರಿಗರ?" ಅವ್ವ ಕೇಳಿದಳು.

"ಇಲ್ಲಿ ಬನ್ನಿ ಎಲ್ಲಿಂದ ತರೂಣು ಅವ್ವಾ" ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸಂತೆಯ ಗದ್ದಲ ಕೇಳಿ "ಫೋನ್ ತಿರುಗಿಸು, ನಾನೂ ನೋಡತೀನಿ" ಅಂದಳು.

ಗೋಜ್ಲೆಮೆ ಮಾಡುವಲ್ಲಿ ಫೋನ್ ಹಿಡಿದು ನಿಂತೆ. ಇಬ್ಬರು ಹೆಂಗಸರು ನೆಲಕ್ಕೆ ಕೂತಿದ್ದರು. ಗಿಡ್ಡ ಕಾಲಿನ ದುಂಡು ಹಲಗೆ. ಕೋಲಿನಂಥ ಸಪೂರ ಲಟ್ಟಣಿಗೆ. ಹಿಟ್ಟಿನ ಉಂಡೆ ಕಣ್ಣ ಮುಂದೆಯೇ ಕಾಗದದಷ್ಟು ತೆಳ್ಳಗಾಗುತ್ತಿತ್ತು. ಒಳಗೆ ಆಲೂಗಡ್ಡೆ ಇಲ್ಲವೇ ಪಾಲಕ್, ಚೀಸ್. ಮಡಚಿ, ಬೋರಲು ಹಾಕಿದ ಕಬ್ಬಿಣದ ಹಂಚಿನ ಮೇಲೆ ಬೇಯಿಸುತ್ತಿದ್ದರು. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಅವ್ವ ಆ ಕೈಗಳನ್ನು ನೋಡುತ್ತಲೇ ಇದ್ದಳು. "ಆಕೀ ಕೈ ನೋಡು. ಅಂಚು ಹರೀವಲ್ಲದು" ಅಂದಳು. ಆ ಹೆಂಗಸಿಗೆ ನನ್ನ ಅವ್ವ ಅಂತ ಹೇಳಿ ಫೋನು ತೋರಿಸಿದೆ. ಆಕೆ ಹಿಟ್ಟಿನ ಕೈಯನ್ನೇ ಎತ್ತಿ ಬೀಸಿದಳು.

ಹೊರಡುವಾಗ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಎರಡು ದಾಳಿಂಬೆ ತಗೊಂಡೆ. ಆಕೆ ಒಂದು ಹಿಡಿ ಕೆಕಿಕ್ ಸೊಪ್ಪನ್ನು ಸುಮ್ನೆ ಚೀಲಕ್ಕೆ ಹಾಕಿದಳು. ಓಮದ ಹಾಗೆ ವಾಸನೆ ಇರುವ ಬೆಟ್ಟದ ಗಿಡ. ದುಡ್ಡು ತಗೊಳ್ಳಲಿಲ್ಲ. ಆ ದಿನ ಯಾರೋ ಕೈಗೆ ಎಲೆ ಕೊಟ್ಟರೆ ನಮ್ಮ ಕಡೆಯವರಿಗೆ ಏನನ್ನಿಸುತ್ತದೆ ಅಂತ ಆಕೆಗೆ ಗೊತ್ತಿರಲು ಸಾಧ್ಯವಿಲ್ಲ. ಆ ಎಲೆಗಳು ಈಗಲೂ ನನ್ನ ಒಂದು ನೋಟ್‌ಬುಕ್ಕಿನೊಳಗಿವೆ.

ಇನ್ನು ಓಲುದೆನಿಜ್. ಫೆಥಿಯೆಗೆ ಬಂದವರೆಲ್ಲ ಹೋಗುವುದು ಅಲ್ಲಿಗೇ. ಟರ್ಕಿಯ ಪೋಸ್ಟರುಗಳಲ್ಲಿ ಕಾಣುವ ಆ ನೀಲಿ ಕೊಲ್ಲಿ. ಹೆಸರಿನ ಅರ್ಥ ಸತ್ತ ಸಮುದ್ರ. ಹೊರಗೆ ಬಿರುಗಾಳಿ ಇದ್ದರೂ ಒಳಗಿನ ನೀರು ಅಲುಗುವುದಿಲ್ಲ, ಅದಕ್ಕೆ. ದೋಲ್ಮುಶ್‌ನಲ್ಲಿ ನೇರ ಹೋಗಬಹುದು. ನಾನು ಕಾಯಾಕೊಯ್ ಎಂಬ ಹಳ್ಳಿಯಲ್ಲಿ ಇಳಿದು ಬೆಟ್ಟ ದಾಟಿ ನಡೆದುಕೊಂಡು ಹೋದೆ. ಎರಡೂವರೆ ತಾಸಿನ ಕಾಲುದಾರಿ.

ಕಾಯಾಕೊಯ್ ಖಾಲಿ ಊರು. ಬೆಟ್ಟದ ಇಳಿಜಾರಿನ ತುಂಬ ಕಲ್ಲಿನ ಮನೆಗಳು. ಹೆಚ್ಚಿನವಕ್ಕೆ ಚಾವಣಿ ಇಲ್ಲ. ಮೊದಲು ಇಲ್ಲಿ ಗ್ರೀಕ್ ಕ್ರೈಸ್ತರಿದ್ದರು. ಊರಿನ ಹೆಸರು ಲೆವಿಸ್ಸಿ. 1923ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನೇ ಅದಲುಬದಲು ಮಾಡಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ಯಾರು ಯಾವ ಭಾಷೆ ಆಡುತ್ತಾರೆ ಅಂತ ನೋಡಲಿಲ್ಲ. ಧರ್ಮ ನೋಡಿದರು. ಫೆಥಿಯೆಯ ಹಳೆಯ ಹೆಸರು ಮಾಕ್ರಿ. ಅಲ್ಲಿಂದ ಹೋದವರು ಅಥೆನ್ಸ್ ಹತ್ತಿರ ನೆಯಾ ಮಾಕ್ರಿ, ಅಂದರೆ ಹೊಸ ಮಾಕ್ರಿ, ಅಂತ ಊರು ಕಟ್ಟಿಕೊಂಡರು. ನಾನು ಹೋದಾಗ ಇದೆಲ್ಲ ಆಗಿ ಸರಿಯಾಗಿ ನೂರು ವರ್ಷ. ಒಂದು ಮನೆಯ ಒಲೆಯ ಗೂಡಿನಲ್ಲಿ ಅಂಜೂರದ ಗಿಡ ಬೆಳೆದಿತ್ತು. ಆಡುಗಳು ಹೊಸಿಲು ದಾಟಿ ಓಡಾಡುತ್ತಿದ್ದವು. 1947ರ ಕತೆ ಕೇಳಿ ಬೆಳೆದ ನಮ್ಮ ದೇಶದವರು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಕಷ್ಟ. ನಾನು ನೀರು ಕುಡಿದು ಮುಂದೆ ಹೊರಟೆ.

ಪೈನ್ ಮರಗಳ ನಡುವೆ ದಾರಿ. ಕಲ್ಲುಗಳ ಮೇಲೆ ಬಣ್ಣದ ಗುರುತು. ತಿರುವಿನಲ್ಲಿ ಒಮ್ಮೆಲೇ ಕೆಳಗೆ ಇಡೀ ಕೊಲ್ಲಿ ಕಾಣಿಸಿತು. ಕೆಳಗೆ ಅದರ ದಡಕ್ಕೆ ಹೋಗಲು ಟಿಕೆಟ್ ಬೇಕು, ಅದು ರಕ್ಷಿತ ಉದ್ಯಾನ. ಮೇಲಿಂದ ನೋಡಲು ಏನೂ ಬೇಡ. ಬಂಡೆಯ ಮೇಲೆ ಕೂತು ಬ್ರೆಡ್ಡು, ಟೊಮೆಟೊ, ಚೀಸ್ ತಿಂದೆ. ಬಾಬಾದಾ ಬೆಟ್ಟದಿಂದ ಪ್ಯಾರಾಗ್ಲೈಡರುಗಳು ಒಂದರ ಹಿಂದೆ ಒಂದು ಹಾರಿ ಬರುತ್ತಿದ್ದವು. ಆ ಬೆಟ್ಟ 1,969 ಮೀಟರ್ ಎತ್ತರ, ಸಮುದ್ರದ ಪಕ್ಕದಲ್ಲೇ ಎದ್ದು ನಿಂತಿದೆ. ಹಾರುವ ದರ ಕೇಳಿದ್ದೆ. ನನ್ನ ವಾರದ ಅರ್ಧ ದುಡ್ಡು. ಹಾರಲಿಲ್ಲ. ಆಸೆ ಇತ್ತು, ಈಗಲೂ ಇದೆ.

ಕೆಳಗಿನ ಬೆಲ್ಜೆಕಿಜ್ ತೀರದಲ್ಲಿ ಆರಾಮ ಕುರ್ಚಿಗಳ ಸಾಲು ನೀರಿನ ಹತ್ತಿರದವರೆಗೂ ಬಂದಿತ್ತು. ಎಲ್ಲಿ ಕೂರಬೇಕು ತಿಳಿಯದೆ ನಿಂತೆ. ಕುರ್ಚಿ ನೋಡಿಕೊಳ್ಳುವ ಹುಡುಗ ಬಂದ. ಎಬ್ಬಿಸಿ ಕಳಿಸುತ್ತಾನೆ ಅಂದುಕೊಂಡೆ. ಅವನು ನೀರಿನ ಅಂಚಿನ ಕಲ್ಲುಗಳನ್ನು ತೋರಿಸಿ, "ಇದು ಎಲ್ಲರದ್ದು" ಅಂತ ತನಗೆ ಬರುವ ಇಂಗ್ಲಿಷ್‌ನಲ್ಲಿ ಹೇಳಿದ. ಅಲ್ಲೇ ಟವೆಲ್ ಹಾಸಿದೆ.

ಅವನು ಹೇಳಿದ್ದು ಬಾಯಿಮಾತಲ್ಲ. ರಾತ್ರಿ ಹುಡುಕಿ ಓದಿದೆ. ಟರ್ಕಿಯ ಸಂವಿಧಾನದ 43ನೇ ವಿಧಿಯ ಪ್ರಕಾರ ಕಡಲತೀರ ಸರ್ಕಾರದ ಅಧೀನದಲ್ಲಿರಬೇಕು, ಜನರ ಹಿತವೇ ಮೊದಲು. 1990ರ ಕಡಲತೀರ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ: ತೀರ ಎಲ್ಲರಿಗೂ ಸಮಾನವಾಗಿ, ಮುಕ್ತವಾಗಿ ತೆರೆದಿರಬೇಕು. ಓದಿ ನನಗೆ ತುಂಬಾ ಸಂತೋಷವಾಯಿತು. ಆದರೆ ಆ ಕಾನೂನಿಗೆ ನೆರಳಿನ ನೆನಪಾಗಿಲ್ಲ. ನೀರು ಎಲ್ಲರದ್ದು. ಮಧ್ಯಾಹ್ನದ ಬಿಸಿಲಿಗೆ ಬೇಕಾದ ನೆರಳು ಬಾಡಿಗೆಯದ್ದು. ಎರಡು ತಾಸಿನಲ್ಲಿ ನನ್ನ ಭುಜ ಸುಟ್ಟು ಕೆಂಪಾಯಿತು.

ಸಂಜೆ ಕುರ್ಚಿಗಳು ಖಾಲಿಯಾದ ಮೇಲೆ ಆ ಹುಡುಗನ ಜೊತೆ ಸ್ವಲ್ಪ ಮಾತಾಡಿದೆ. ಹತಾಯ್ ಪ್ರಾಂತದವನು. ಆ ವರ್ಷ ಫೆಬ್ರವರಿ 6ರ ಭೂಕಂಪದಲ್ಲಿ ಟರ್ಕಿಯಲ್ಲಿ 50,000ಕ್ಕಿಂತ ಜಾಸ್ತಿ ಜನ ಸತ್ತರು. ಹತಾಯ್ ಎಲ್ಲಕ್ಕಿಂತ ಹೆಚ್ಚು ಹಾಳಾದ ಜಾಗಗಳಲ್ಲೊಂದು. ಇವರ ಮನೆ ಬಿತ್ತು. ಅಮ್ಮ, ತಂಗಿ ಇನ್ನೂ ಕಂಟೇನರ್ ಮನೆಯಲ್ಲಿದ್ದರು. ಇವನು ಮೇ ತಿಂಗಳಿಂದ ಇಲ್ಲಿ ಕುರ್ಚಿ ಕಾಯುತ್ತಿದ್ದ. ಸೀಸನ್ ಮುಗಿದ ಮೇಲೆ ಕುಮ್ಲುಜಾ ಕಡೆ ಹೋಗಿ ಹಸಿರುಮನೆಗಳಲ್ಲಿ ಟೊಮೆಟೊ ಕೀಳುವ ಕೆಲಸ. ಈ ಬೇಸಿಗೆಯಲ್ಲಿ ಎಷ್ಟು ಸಲ ಈಜಿದೆ ಅಂತ ಕೇಳಿದೆ. ಯೋಚನೆ ಮಾಡಿ ಮೂರು ಬೆರಳು ತೋರಿಸಿದ.

ಆರು ತಿಂಗಳು, ದಿನವೂ ನೀರಿನಿಂದ ಹತ್ತು ಹೆಜ್ಜೆ. ಮೂರು ಸಲ.

ಅವತ್ತು ರಾತ್ರಿ ತೇಜೆಯನ್ನೂ ಅದೇ ಕೇಳಿದೆ. ಅವರು ಮಹಡಿಯ ಮೇಲೆ ಚಾದರ ಒಣಹಾಕುತ್ತಿದ್ದರು. ಕೆಳಗೆ ಬಂದರಿನ ದೀಪಗಳು. ಸಮುದ್ರದ ಊರಿನಲ್ಲೇ ಹುಟ್ಟಿದವರು. 1957ರ ಏಪ್ರಿಲ್‌ನಲ್ಲಿ ಭೂಕಂಪ ಆಗಿ ಫೆಥಿಯೆಯ ಬಹುಪಾಲು ಮನೆಗಳು ಬಿದ್ದಾಗ ಅವರಿಗೆ ಐದು ವರ್ಷ. ಡೇರೆಯಲ್ಲಿದ್ದಾಗ ದಿನವಿಡೀ ನೀರಿನಲ್ಲೇ ಆಡುತ್ತಿದ್ದರಂತೆ. "ಆಮೇಲೆ ಬೇಸಿಗೆ ಅಂದರೆ ಚಾದರ" ಅಂದರು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ತೊಳೆಯುವುದು, ಒಣಗಿಸುವುದು, ಹಾಸುವುದು. ಕೆಲಸ ಮುಗಿಯುವಷ್ಟರಲ್ಲಿ ನೀರು ತಣ್ಣಗೆ. ಮಂಡಿ ನೋವು. ಕೊನೆಯ ಸಲ ಸಮುದ್ರಕ್ಕೆ ಇಳಿದದ್ದು ಗಂಡ ಇದ್ದಾಗ.

ಗೋವಾ, ಗೋಕರ್ಣ, ಕಾರವಾರ ಅಂತ ನಾನು ಎಷ್ಟು ಸಲ ಹೋಗಿದ್ದೇನೆ. ಕುರ್ಚಿ ಹಾಕಿದವರನ್ನು, ಚಾದರ ಬದಲಿಸಿದವರನ್ನು ಒಂದು ಸಲವೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಬೇಕಿತ್ತು. ನನ್ನ ಅವ್ವ ಸಮುದ್ರ ನೋಡಿದ್ದು ಒಂದೇ ಸಲ, ಕಾರವಾರದಲ್ಲಿ. ಶಾಲೆಯ ಟ್ರಿಪ್ಪಿನಲ್ಲಿ ನಮ್ಮನ್ನೆಲ್ಲ ಕಾಯಲು ಬಂದಿದ್ದಳು. ಸೀರೆಯ ನಿರಿಗೆ ಎತ್ತಿಹಿಡಿದು ನಮ್ಮ ಚಪ್ಪಲಿಗಳ ಪಕ್ಕ ನಿಂತಿದ್ದಳು.

ಕೊನೆಯ ಮೂರು ದಿನ ಊರು ದಿನದಿಂದ ದಿನಕ್ಕೆ ಖಾಲಿಯಾಗುತ್ತಾ ಹೋಯಿತು. ಐಸ್‌ಕ್ರೀಮ್ ಅಂಗಡಿಗಳು ಮುಚ್ಚಿದವು. ಛತ್ರಿಗಳನ್ನು ಮಡಚಿ ಲಾರಿಗೆ ತುಂಬಿದರು. ಅದೇ ಹೊತ್ತಿಗೆ ಮನೆಮನೆಯ ಬಾಲ್ಕನಿಯಲ್ಲಿ ಕೆಂಪು ಬಾವುಟಗಳು ಬಂದವು. ಅಕ್ಟೋಬರ್ 29ಕ್ಕೆ ಟರ್ಕಿ ಗಣರಾಜ್ಯಕ್ಕೆ ನೂರು ವರ್ಷ. ಆ ದಿನ ಭಾನುವಾರ. ರಾತ್ರಿ ನನ್ನ ಬಸ್ಸು.

ಬೆಳಿಗ್ಗೆ ಬಾಡಿಗೆಯ ಕೊನೆಯ ಕಂತು ಕೊಡಲು ಕೆಳಗೆ ಹೋದೆ. ನನ್ನ ಹತ್ತಿರ ಇನ್ನೂ 21 ಯೂರೋ ಉಳಿದಿತ್ತು. ತೇಜೆ ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಕೈಯಲ್ಲಿ ಥರ್ಮಾಸ್ ಫ್ಲಾಸ್ಕು, ಎರಡು ಗಾಜಿನ ಲೋಟ, ಒಂದು ಪೊಟ್ಟಣದಲ್ಲಿ ಬೋರೆಕ್ ಅನ್ನುವ ತಿಂಡಿ. "ಇವತ್ತು ಚಾದರ ಇಲ್ಲ. ನೀನೊಬ್ಬಳೇ ಇದ್ದದ್ದು" ಅಂದರು. ಇಬ್ಬರೂ ದೋಲ್ಮುಶ್ ಹತ್ತಿ ಚಾಲಿಶ್ ತೀರಕ್ಕೆ ಹೋದೆವು.

ಚಾಲಿಶ್ ನಾನು ಮೊದಲ ದಿನ ಈಜಿದ ಜಾಗವೇ. ಈಗ ಗುರುತೇ ಸಿಗಲಿಲ್ಲ. ಕುರ್ಚಿಗಳು ಹೋಗಿ ತೀರ ಎರಡು ಪಟ್ಟು ಅಗಲ ಕಾಣುತ್ತಿತ್ತು. ಎಲ್ಲ ಊರಿನ ಜನವೇ. ಅಜ್ಜಂದಿರು, ಸೊಸೆಯಂದಿರು, ಮಕ್ಕಳು. ಚಾಪೆ ಹಾಸಿ ಚಹಾ ಕುದಿಸುತ್ತಿದ್ದರು. ಹುಡುಗರ ಕೈಯಲ್ಲಿ ಸಣ್ಣ ಬಾವುಟ. ಅಂಗಡಿಯ ಸಮವಸ್ತ್ರದ ಟೀ ಶರ್ಟಿನಲ್ಲೇ ನಾಲ್ವರು ಹುಡುಗರು ನೀರಿಗೆ ಹಾರಿದರು.

ತೇಜೆ ನೀರಿನ ಅಂಚಿನಲ್ಲಿ ಕೂತರು. ಸಡಿಲ ಸಲ್ವಾರವನ್ನು ಮೊಣಕಾಲಿನವರೆಗೆ ಮಡಚಿದರು. ಮೊದಲ ಅಲೆ ಪಾದ ಮುಟ್ಟಿದಾಗ ಏನೂ ಹೇಳಲಿಲ್ಲ. ಎರಡನೆಯದಕ್ಕೆ "ಬೆಚ್ಚಗಿದೆ" ಅಂದರು. ಜರ್ಮನ್‌ನಲ್ಲಿ ಅಲ್ಲ, ತಮ್ಮ ಭಾಷೆಯಲ್ಲಿ.

ಸ್ವಲ್ಪ ಹೊತ್ತು ಹಾಗೇ ಕೂತೆವು. ಆಮೇಲೆ ಅವರು ನನ್ನ ನೀಲಿ ಚೀಲವನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡರು. ಹೋಗು ಅಂತ ಕೈ ಮಾಡಿದರು.

ಆ ವಾರ ಮೊದಲ ಸಲ ನಾನು ದಡಕ್ಕೆ ಬೆನ್ನು ಹಾಕಿ ಈಜಿದೆ. ಎದುರಿನ ಶೋವಾಲ್ಯೆ ದ್ವೀಪದ ಮರಗಳು ಬೇರೆ ಬೇರೆಯಾಗಿ ಕಾಣುವವರೆಗೂ ಹೋದೆ. ಕಾಲಿನ ಕೆಳಗೆ ನೀರು ತಣ್ಣಗಾಯಿತು. ಅಲ್ಲಿ ಅಂಗಾತ ಮಲಗಿ ಉಸಿರು ತಗೊಂಡೆ. ತಿರುಗಿ ನೋಡಿದಾಗ ಕೆಂಪು ಬಾವುಟಗಳ ಕೆಳಗೆ ತೇಜೆ ಒಂದು ಚುಕ್ಕೆಯಷ್ಟು ಕಾಣುತ್ತಿದ್ದರು. ಮಡಿಲಲ್ಲಿ ನೀಲಿ. ಕಾಲು ಇನ್ನೂ ನೀರಿನಲ್ಲೇ ಇತ್ತು.